ಮರುಕವನ್ನು ನೆರವಾಗಿ ತಿರುಗಿಸುವ ಬಗೆ: ಸೂಫಿಗಳ ಈಸಾರ್ ಮತ್ತು ಮನೋವಿಜ್ಞಾನ

ತನಗೂ ಬೇಕಾಗಿರುವುದನ್ನೇ ಇನ್ನೊಬ್ಬರಿಗೆ ಮೊದಲು ಕೊಡುವುದನ್ನು ಸೂಫಿಗಳು ‘ಈಸಾರ್’ ಎನ್ನುತ್ತಾರೆ. ಮಿಕ್ಕಿದ್ದನ್ನು ಕೊಟ್ಟರೆ ಅದು ದಾನವಾದೀತು, ಈಸಾರ್ ಆಗದು. ಇದನ್ನು ರೂಢಿಸಿಕೊಳ್ಳಬಯಸುವವರು, ಪರರ ಸಂಕಟ ಕಂಡಾಗ ತಮ್ಮೊಳಗೆ ಏಳುವುದು ಮರುಕವೋ ಬರಿಯ ಕಸಿವಿಸಿಯೋ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು.

ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಲೇನ್ ಎಂಬ ಯುವತಿ ವಿದ್ಯುತ್ ಆಘಾತಕ್ಕೆ ನರಳುವಂತೆ ನಟಿಸುತ್ತಿದ್ದಳು. ಅದನ್ನು ನಿಜವೆಂದೇ ನಂಬಿ ನೋಡುತ್ತಿದ್ದವರು ಆಕೆಯ ಬದಲು ತಾವೇ ಆಘಾತ ಅನುಭವಿಸಲು ಒಪ್ಪಬಹುದಿತ್ತು. ಎದ್ದುಹೋಗುವುದು ಸುಲಭವಾಗಿದ್ದಾಗ ಕಸಿವಿಸಿಪಟ್ಟವರಲ್ಲಿ ಹೆಚ್ಚಿನವರು ಎದ್ದುಹೋದರು. ಮರುಕಪಟ್ಟವರಲ್ಲಿ ಹೆಚ್ಚಿನವರು ಆಗಲೂ ಆಕೆಯ ಜಾಗಕ್ಕೆ ಹೋಗಲು ಒಪ್ಪಿದರು. ಆದ್ದರಿಂದ ‘ಅಲ್ಲಿ ನಾನಿದ್ದಿದ್ದರೆ?’ ಎಂದು ಕೇಳಿಕೊಳ್ಳುವ ಬದಲು ‘ಅವರಿಗೆ ಈಗ ಹೇಗಾಗುತ್ತಿದೆ?’ ಎಂದು ಕೇಳಿಕೊಳ್ಳಿ. ಮೊದಲನೆಯ ಪ್ರಶ್ನೆ ಮರುಕದ ಜೊತೆಗೆ ನಮ್ಮದೇ ತಳಮಳವನ್ನೂ ಕೆರಳಿಸುತ್ತದೆ.

ದೆಹಲಿಯ ಚಿಶ್ತಿ ಪರಂಪರೆಯ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ (ನಿಧನ 1325) ಅವರಿಗೆ, ಮಸೀದಿಗಳ ಮತ್ತು ಅಂಗಡಿಗಳ ಮೂಲೆಗಳಲ್ಲಿ ಹಸಿದು ಮಲಗಿದವರ ನೆನಪಾಗಿ, ಸಹರಿಯ (ಉಪವಾಸಕ್ಕೆ ಮುನ್ನ ನಸುಕಿನಲ್ಲಿ ಮಾಡುವ ಊಟದ) ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂಬ ಪ್ರಸಂಗವಿದೆ. ಆ ನೋವು ಗಂಟಲಲ್ಲೇ ಉಳಿಯಲಿಲ್ಲ. ಅವರ ಖಾನ್‌ಖಾದಲ್ಲಿ (ಸೂಫಿಗಳ ಆಶ್ರಮದಲ್ಲಿ) ಬಂದವರಿಗೆಲ್ಲ ಊಟವಿತ್ತು. ಇದೇ ಚಿಶ್ತಿ ಪರಂಪರೆಯನ್ನು ಕಲಬುರಗಿಗೆ ತಂದ ಬಂದೇ ನವಾಜರು ನಿಜಾಮುದ್ದೀನರ ಶಿಷ್ಯನ ಶಿಷ್ಯರು. ಆದುದರಿಂದ ಮರುಕ ಹುಟ್ಟಿದ ದಿನವೇ ಅದಕ್ಕೊಂದು ಕೆಲಸ ಕೊಡಿ. ತಟ್ಟೆಯಲ್ಲಿ ನಿಮಗೆ ಇಷ್ಟವಾದ ಹೋಳನ್ನು ಪಕ್ಕದವರಿಗೆ ಬಡಿಸುವುದೂ ಆರಂಭವೇ, ಕೈ ಒಂದು ಗಳಿಗೆ ಹಿಂಜರಿದರೆ ಇನ್ನೂ ಒಳ್ಳೆಯದು.

ನೆರವಾಗಲು ಸಮಯವನ್ನೂ ಉಳಿಸಿಕೊಳ್ಳಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದು 1973ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾರಿಯಲ್ಲಿ ಕುಸಿದು ಕುಳಿತಿದ್ದವನಿಗೆ ಅವಸರವಿಲ್ಲದ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಶೇ 63 ಮಂದಿ ನೆರವಾದರೆ, ತೀರಾ ಅವಸರದಲ್ಲಿದ್ದವರಲ್ಲಿ ನೆರವಾದವರು ಶೇ 10 ಮಂದಿ ಮಾತ್ರ. ಹತ್ತು ನಿಮಿಷ ಮೊದಲೇ ಮನೆ ಬಿಡುವುದು ಇಲ್ಲಿ ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನಗನಿಸುತ್ತದೆ.

ಕೊನೆಯದಾಗಿ, ಮಾಡಿದ್ದನ್ನು ಮುಚ್ಚಿಡಿ. ಒಂಬತ್ತನೆಯ ಶತಮಾನದಲ್ಲಿ ಇರಾನಿನ ನಿಶಾಪುರದಲ್ಲಿದ್ದ ಮಲಾಮತಿಗಳೆಂಬ ಸಾಧಕರು, ಹೊಗಳಿಕೆಯಿಂದ ಅಹಂ ಕೊಬ್ಬುತ್ತದೆಂದು ತಮ್ಮ ಸತ್ಕಾರ್ಯಗಳನ್ನು ಮರೆಮಾಚುತ್ತಿದ್ದರು. ಅಕ್ಕಿಯ ಚೀಲ ಕೊಡುವಾಗ ಮೊಬೈಲು ಜೇಬಿನಲ್ಲೇ ಇರಲಿ.