ಹಿಂದೆ ಸೈರನ್, ಗಾಡಿ ತುಂಬ ಮಾಲು

ಅಣ್ಣಿಗೇರಿ, ಗದಗ ಕಡೆಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಮಾಲು ತರುವುದು ನನ್ನ ಕಸುಬು. ಆ ಕಡೆಯ ಪೇಶಂಟುಗಳನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ತರುವ ಆಂಬುಲೆನ್ಸ್‌ಗಳಿಗೂ ಇದೇ ರಸ್ತೆ. ಹಾಗಾಗಿ ದಾರಿ ಬಿಡುವುದೂ ನನ್ನ ಕೆಲಸದ ಭಾಗವೇ ಆಗಿಬಿಟ್ಟಿದೆ.

ಮೆಣಸಿನಕಾಯಿ ಹೇರಿದಾಗ ಹಿಂದೇನಿದೆ ಎಂಬುದೇ ಕಾಣುವುದಿಲ್ಲ. ತೂಕ ಕಮ್ಮಿ, ಆದರೆ ಚೀಲಗಳು ಕ್ಯಾಬಿನ್‌ಗಿಂತ ಎತ್ತರ, ಮೇಲೆ ತಾಡಪತ್ರಿ. ಒಳಗಿನ ಕನ್ನಡಿ ಇದ್ದೂ ಇಲ್ಲದಂತೆ. ಅದಕ್ಕೇ ಹಗ್ಗ ಬಿಗಿದ ಮೇಲೆ ಹೊರಗಿನ ಎರಡೂ ಕನ್ನಡಿ ಒರೆಸಿ, ಉಬ್ಬಿದ ಚೀಲದಾಚೆ ರಸ್ತೆ ಕಾಣುವಂತೆ ತಿರುಗಿಸಿಕೊಳ್ಳುತ್ತೇನೆ. ಕಿಟಕಿ ಒಂದಿಷ್ಟು ತೆರೆದಿರಬೇಕು, ಹಾಡು ಸಣ್ಣಗಿರಬೇಕು.

"ಅಣ್ಣಾ, ಸೈರನ್ ಕೇಳಾಕತ್ತೈತಿ" ಅಂತಾನೆ ಕ್ಲೀನರ್ ಹುಡುಗ.

"ಕೇಳಿದ್ದು ಸಾಕಲೇ, ಕನ್ನಡಿಯೊಳಗ ಎಲ್ಲಿ ಕಾಣತೈತಿ ಹೇಳು" ಅಂತೀನಿ.

ಎದುರಿನಿಂದ ಬರುವ ಸದ್ದೂ ಒಮ್ಮೊಮ್ಮೆ ಹಿಂದಿನದೇ ಅನ್ನಿಸುತ್ತದೆ. ಅದಕ್ಕೆ ಕಣ್ಣಿಗೆ ಬೀಳುವತನಕ ಸ್ಟೇರಿಂಗ್ ಅತ್ತಿತ್ತ ಎಳೆಯುವುದಿಲ್ಲ.

ಸದ್ದು ಕೇಳಿದ ಕೂಡಲೇ ರಸ್ತೆ ನಡುವೆಯೇ ಗಕ್ಕನೆ ಬ್ರೇಕ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಆಂಬುಲೆನ್ಸ್ ಡ್ರೈವರ್‌ಗೆ ಬೇಕಾದದ್ದು ನಾನು ಏನು ಮಾಡುತ್ತೇನೆ ಎಂಬ ಗ್ಯಾರಂಟಿ. ಎಕ್ಸಲರೇಟರ್‌ನಿಂದ ಕಾಲು ತೆಗೆದು, ಎಡ ಇಂಡಿಕೇಟರ್ ಹಾಕಿ, ನಿಧಾನಕ್ಕೆ ಎಡಕ್ಕೆ ಸರಿಯುತ್ತೇನೆ. ಕೆಲವರು ಬಲ ಇಂಡಿಕೇಟರ್ ಹಾಕಿ 'ಮುಂದ ಹೋಗ್ರಿ' ಅನ್ನುತ್ತಾರೆ. ನನಗದು ಸರಿ ಬರುವುದಿಲ್ಲ. ಇವನು ಬಲಕ್ಕೆ ತಿರುಗುತ್ತಾನೆ ಅಂದುಕೊಂಡರೆ ಏನು ಗತಿ?

ಹೆಸರುಕಾಳಿನ ಸುಗ್ಗಿಯಲ್ಲಿ ಲೆಕ್ಕ ಬೇರೆ. ಮಾಲು ಭಾರ, ಮೇಲಾಗಿ ಮಳೆಗಾಲ. ಈ ಭಾಗದ್ದು ಎರೆ ನೆಲ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತಿರುವ ರಸ್ತೆ ಅಂಚು ಮಳೆ ಬಿದ್ದರೆ ಗಾಲಿಯನ್ನು ನುಂಗುತ್ತದೆ. ಎಡಗಾಲಿ ಇಳಿಯಿತೋ, ಗಾಡಿ ಹೊಲದ ಕಡೆ ವಾಲಿತು ಅಂತಲೇ ಲೆಕ್ಕ. ಆಗ ದಾರಿ ಬಿಡಲು ಹೋದವನೇ ದಾರಿಗೆ ಅಡ್ಡ. ಆದ್ದರಿಂದ ಮಳೆಯಲ್ಲಿ ಡಾಂಬರು ಬಿಡುವುದಿಲ್ಲ. ಅಂಚು ಹಿಡಿದು ಸಾಗುತ್ತ, ಪೆಟ್ರೋಲ್ ಬಂಕೋ ಊರ ಕ್ರಾಸೋ ಬಂದಾಗ ಗಟ್ಟಿ ನೆಲಕ್ಕೆ ಇಳಿಸುತ್ತೇನೆ. ಹಿಂದಿನವನು ಹಾರ್ನ್ ಹೊಡೆದರೂ ಗಡಿಬಿಡಿ ಮಾಡುವುದಿಲ್ಲ.

ಆಂಬುಲೆನ್ಸ್ ದಾಟಿದ ಮೇಲೂ ಕನ್ನಡಿ ನೋಡಿಯೇ ಬಲಕ್ಕೆ ಬರುವುದು. ಹಿಂದೆ ಇನ್ನೊಂದು ಇರಬಹುದು. ಇಲ್ಲದಿದ್ದರೂ ಆಂಬುಲೆನ್ಸ್ ಬಾಲ ಹಿಡಿದು ನುಗ್ಗುವ ಬೈಕು, ಕಾರು ಇದ್ದೇ ಇರುತ್ತವೆ.

ಊರೊಳಗೆ ಸಿಗ್ನಲ್ಲಿನ ತಾಪತ್ರಯ. ಕೆಂಪು ದೀಪಕ್ಕೆ ಎಲ್ಲರಿಗಿಂತ ಮುಂದೆ ನಿಂತಿದ್ದರೆ ಎಡಕ್ಕೆ ಒತ್ತರಿಸಿ ಜಾಗ ಮಾಡುತ್ತೇನೆ. ಪೊಲೀಸರು ಕೈ ಮಾಡಿದರಷ್ಟೇ ಸರ್ಕಲ್ ದಾಟುವುದು. ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ 194ಇ ಕಲಂನಡಿ 10,000 ರೂಪಾಯಿ ದಂಡ ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಧಾರವಾಡ ರಸ್ತೆಯಲ್ಲಿ ನಡುವೆ ಚಿಗರಿ (ಬಿಆರ್‌ಟಿಎಸ್) ಬಸ್ಸಿಗೆಂದೇ ಇರುವ ದಾರಿ ಹಿಡಿದು ಬರುವ ಆಂಬುಲೆನ್ಸ್‌ಗಳನ್ನೂ ಕಂಡಿದ್ದೇನೆ. ಅಲ್ಲಿ ಕ್ರಾಸಿಂಗ್‌ನಲ್ಲಿ ತಿರುಗುವಾಗ ಆ ಪಟ್ಟಿಯ ಎರಡೂ ಕಡೆ ಕಣ್ಣಾಡಿಸಿಯೇ ಗಾಡಿ ಎತ್ತುತ್ತೇನೆ.

ಆಂಬುಲೆನ್ಸೋ ಅಗ್ನಿಶಾಮಕದ ಗಾಡಿಯೋ ನಿಂತಿರುವ ಕಡೆ ಮಾತ್ರ ಕಾಲು ಬ್ರೇಕ್ ಮೇಲೇ. ರಾತ್ರಿ ಮಿಣುಕುವ ದೀಪ ಕಣ್ಣಿಗೆ ಹೊಡೆಯುತ್ತದೆ, ಅದರ ಮರೆಯಿಂದ ಸ್ಟ್ರೆಚರ್ ಹಿಡಿದವರು ಯಾವಾಗ ರಸ್ತೆಗೆ ಬರುತ್ತಾರೋ ಹೇಳಲಾಗದು. ಡಿಮ್ ಮಾಡಿ, ಎರಡನೇ ಗೇರಿನಲ್ಲಿ, ಒಂದಾಳು ಓಡಾಡುವಷ್ಟು ಅಂತರ ಬಿಟ್ಟು ದಾಟುತ್ತೇನೆ. ಹುಡುಗ ಮೊಬೈಲ್ ತೆಗೆದನೋ, ಬೈಗುಳ ಗ್ಯಾರಂಟಿ.