ಫ್ಯುಯೆಲ್ ಟೇಬಲ್ ಮುಟ್ಟುವ ಮುಂಚೆ: ಹುಬ್ಬಳ್ಳಿಯಲ್ಲಿ ಇಎಫ್‌ಐ ಟ್ಯೂನಿಂಗ್ ಕಲಿತ ನನ್ನ ಅನುಭವ

ಟ್ಯೂನಿಂಗ್ ಕಲಿಯಬೇಕು ಅಂತ ನಮ್ಮ ಗ್ಯಾರೇಜಿಗೆ ಬರುವ ಹುಡುಗರು ಮೊದಲು ಕೇಳೋದು ಒಂದೇ: "ಅಣ್ಣಾ, ಫ್ಯುಯೆಲ್ ಟೇಬಲ್‌ನ್ಯಾಗ ಯಾವ ನಂಬರ್ ಹಾಕ್ಬೇಕ್ರಿ?" ಇಎಫ್‌ಐ ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಪದ್ಧತಿ, ಎಂಜಿನ್‌ನ ಯಾವ ಸ್ಥಿತಿಗೆ ಎಷ್ಟು ಪೆಟ್ರೋಲ್ ಅಂತ ಲೆಕ್ಕ ಹಾಕೋಕೆ ಆ ಕಂಪ್ಯೂಟರ್ ನೋಡುವ ಅಂಕಿಗಳ ಪಟ್ಟಿಯೇ ಫ್ಯುಯೆಲ್ ಟೇಬಲ್. ಆ ಟೇಬಲ್ ಹತ್ತಿರ ಹೋಗೋಕೆ ಇನ್ನೂ ಟೈಮ್ ಇದೆ ಅಂತ ಹೇಳ್ತೀನಿ. ಕೆಲಸದ ಮುಕ್ಕಾಲು ಪಾಲು ಟೇಬಲ್ ಮುಟ್ಟುವ ಮುಂಚೆಯೇ ಮುಗಿಯಬೇಕು. ನಾನು ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೀತಿದ್ದೀನಿ.

ನಾನು ಕಲಿತದ್ದು ಒಂದು ಹಳೆ ಮಾರುತಿ ಎಸ್ಟೀಮ್ ಕಾರಿನ ಮೇಲೆ. ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್. ಮಣ್ಣಿನ ಆಟೋಕ್ರಾಸ್‌ಗಾಗಿ ತಯಾರು ಮಾಡಿದ ಗಾಡಿ, ರೋಡಿಗೆ ಇಳಿಸೋದಿಲ್ಲ. ಕ್ಯಾಮ್ ಬದಲಾಯಿಸಿ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಹೋಗುವ ಪೈಪ್‌ಗಳು) ಹಾಕಿದ ಮೇಲೆ ಕಂಪನಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹಾಕುವ ಲೆಕ್ಕ ಅದಕ್ಕೆ ಹೊಂದಲಿಲ್ಲ, ಹಾಗಾಗಿ ಸ್ಪೀಡುಯಿನೊ ಕೂರಿಸಿದೆ. ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ನಡೆಯುವ ಓಪನ್ ಸೋರ್ಸ್ ಇಸಿಯು ಅದು, ಅದನ್ನು ಹೊಂದಿಸೋಕೆ ಲ್ಯಾಪ್‌ಟಾಪ್‌ನಲ್ಲಿ ಟ್ಯೂನರ್‌ಸ್ಟುಡಿಯೋ ಸಾಫ್ಟ್‌ವೇರ್. ಅಗ್ಗ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅದು ಒಳಗೆ ಏನು ಲೆಕ್ಕ ಹಾಕುತ್ತಿದೆ ಅಂತ ಪೂರ್ತಿ ತೆರೆದು ನೋಡಬಹುದು, ಕಲಿಯೋರಿಗೆ ಅದು ಬಹಳ ಮುಖ್ಯ.

ಆ ಲೆಕ್ಕ ಸರಳ. ಸ್ಪೀಡ್ ಡೆನ್ಸಿಟಿ ಪದ್ಧತಿಯಲ್ಲಿ ಇಸಿಯು ಗಾಳಿಯನ್ನು ನೇರವಾಗಿ ಅಳೆಯೋದಿಲ್ಲ. ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಹೋಗುವ ಪೈಪ್) ಒತ್ತಡ ಎಷ್ಟು, ಗಾಳಿಯ ಬಿಸಿ ಎಷ್ಟು, ಆರ್‌ಪಿಎಂ ಎಷ್ಟು ಅಂತ ನೋಡಿ ಸಿಲಿಂಡರಿಗೆ ಇಷ್ಟು ಗಾಳಿ ಹೋಗಿರಬೇಕು ಅಂತ ಅಂದಾಜು ಮಾಡುತ್ತೆ. ಎಂಜಿನ್ ಎಷ್ಟು ಚೆನ್ನಾಗಿ ಉಸಿರಾಡುತ್ತೆ ಅನ್ನೋದನ್ನು ಮಾತ್ರ ವಿಇ ಟೇಬಲ್‌ನಿಂದ, ಅಂದರೆ ಹುಡುಗರು ಕೇಳುವ ಅದೇ ಫ್ಯುಯೆಲ್ ಟೇಬಲ್‌ನಿಂದ, ಓದುತ್ತೆ. ಈಗ ಒಂದು ಸೆನ್ಸರ್ ಸುಳ್ಳು ಹೇಳಿತು ಅನ್ನಿ. ಆ ಸುಳ್ಳನ್ನು ನೀವು ಟೇಬಲ್‌ನಲ್ಲಿ ಸರಿದೂಗಿಸಿದ್ರೆ ಇವತ್ತು ಗಾಡಿ ಚೆನ್ನಾಗಿಯೇ ಓಡುತ್ತೆ. ನಾಳೆ ಬಿಸಿಲು ಹೆಚ್ಚಾದಾಗ ಮತ್ತೆ ಲೀನ್ ಆಗುತ್ತೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗೋದಿಲ್ಲ), ಎಲ್ಲಿಂದ ಬಂತು ಅಂತ ಗೊತ್ತೇ ಆಗೋದಿಲ್ಲ.

ಹಾಗಾಗಿ ಮೊದಲು ಸೆನ್ಸರ್‌ಗಳು. ಕೂಲಂಟ್ ಮತ್ತು ಗಾಳಿಯ ಟೆಂಪರೇಚರ್ ಸೆನ್ಸರ್ ಎರಡನ್ನೂ ಬಿಚ್ಚಿ ಮೂರು ಕಡೆ ರೆಸಿಸ್ಟನ್ಸ್ ಅಳೆದೆ: ಕರಗುತ್ತಿರುವ ಐಸ್ ನೀರಿನಲ್ಲಿ, ನಲ್ಲಿ ನೀರಿನಲ್ಲಿ, ಕುದಿಯುವ ನೀರಿನಲ್ಲಿ. ಇಲ್ಲೊಂದು ಸಣ್ಣ ವಿಷಯ ಇದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ನಮ್ಮಲ್ಲಿ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತೆ. 100 ಅಂತ ಬರೆದುಕೊಂಡರೆ ಶುರುವಿನಲ್ಲೇ ಎರಡು ಡಿಗ್ರಿ ಆಚೀಚೆ.

ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ವಿಷಯಕ್ಕೂ ಇದೇ ಎತ್ತರ ಬರುತ್ತೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಇಲ್ಲಿ 94 ಕಿಲೋಪಾಸ್ಕಲ್ ಆಸುಪಾಸು ತೋರಿಸಬೇಕು. ನಮ್ಮ ಹುಡುಗ ಮೊಬೈಲ್‌ನಲ್ಲಿ ಹವಾಮಾನ ತೆಗೆದು, "ಇದರಾಗ 1010 ಐತ್ರಿ ಅಣ್ಣಾ, ಅಂದ್ರ 101 ಆತು. ಸೆನ್ಸರ್ ಕೆಟ್ಟೈತಿ" ಅಂದ. ಹವಾಮಾನದ 1010 ಮಿಲಿಬಾರ್ ಅಂದರೆ 101 ಕಿಲೋಪಾಸ್ಕಲ್, ಹಾಗಾಗಿ ಡೌಟ್ ಬರೋದು ಸಹಜ. ಆದರೆ ಹವಾಮಾನದವರು ಕೊಡೋದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ನಿಮ್ಮ ಗಾಡಿ ನಿಂತಿರೋ ಜಾಗದ ಒತ್ತಡ ಬೇರೆ. ಎಂಜಿನ್‌ಗೆ ಬೇಕಾಗಿರೋದು ಎರಡನೆಯದು.

ಆಮೇಲೆ ಗ್ರೌಂಡ್ ವೈರಿಂಗ್. ಇದಕ್ಕೆ ಎಷ್ಟು ಒತ್ತು ಕೊಟ್ಟರೂ ಕಡಿಮೆಯೇ. ಸೆನ್ಸರ್‌ಗಳ ಗ್ರೌಂಡ್ ಎಲ್ಲ ವಾಪಸ್ ಇಸಿಯುಗೇ ಬರಬೇಕು, ಬಾಡಿಗೆ ಎಲ್ಲೋ ಸ್ಕ್ರೂ ಹಾಕಿ ಬಿಡಬಾರದು. ಇಂಜೆಕ್ಟರ್, ಕಾಯಿಲ್‌ಗಳ ದೊಡ್ಡ ಕರೆಂಟಿನ ಗ್ರೌಂಡ್ ಎಂಜಿನ್ ಬ್ಲಾಕ್‌ಗೆ ಹೋಗಬೇಕು. ವೈಡ್‌ಬ್ಯಾಂಡ್ (ಹೊಗೆಯಲ್ಲಿನ ಆಕ್ಸಿಜನ್ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ಸೆನ್ಸರ್) ಕಂಟ್ರೋಲರ್‌ನ ಗ್ರೌಂಡ್ ಬೇರೆ ಕಡೆ ಇದ್ದರೆ ಮೀಟರ್‌ನಲ್ಲಿ ಒಂದು ನಂಬರ್, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ನಂಬರ್ ಬರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಹೆಡ್‌ಲೈಟ್ ಮತ್ತು ಫ್ಯಾನ್ ಆನ್ ಮಾಡಿ ಆಫ್ ಮಾಡಿ ನೋಡಿ. ನಂಬರ್ ಅಲುಗಾಡಿದರೆ ವೈರಿಂಗ್ ಮುಗಿದಿಲ್ಲ ಅಂತ.

ಇಗ್ನಿಷನ್ ಟೈಮಿಂಗ್‌ಗೆ (ಪ್ಲಗ್ ಕಿಡಿ ಬೀಳುವ ಹೊತ್ತಿಗೆ) 36-1 ಹಲ್ಲಿನ ವೀಲ್, ಅಂದರೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟದ್ದು, ಕ್ರ್ಯಾಂಕ್‌ಗೆ ಕೂರಿಸಿದ್ದೆ. ಸಾಫ್ಟ್‌ವೇರ್‌ನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ಗುರುತು ನೋಡಬೇಕು. ಐಡಲ್‌ನಲ್ಲೂ ನೋಡಬೇಕು, 3000 ಆರ್‌ಪಿಎಂನಲ್ಲೂ ನೋಡಬೇಕು. ರೇಸ್ ಮಾಡಿದಾಗ ಗುರುತು ಜಾರಿದರೆ ಸಿಗ್ನಲ್‌ನ ಎಡ್ಜ್ ತಪ್ಪು ಇರಬಹುದು, ಇಲ್ಲಾ ಸರ್ಕ್ಯೂಟ್‌ನಲ್ಲಿ ತಡ ಆಗುತ್ತಿರಬಹುದು. ವೇಸ್ಟೆಡ್ ಸ್ಪಾರ್ಕ್ (ಒಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ಪದ್ಧತಿ) ಇದ್ದಾಗ ಡಿಗ್ರಿ ತಿರುಗಿಸುವ ಲೈಟ್‌ಗಳು ಕೆಲವು ಡಬಲ್ ಓದುತ್ತವೆ. ಅದನ್ನು ಸೊನ್ನೆಗೆ ಇಟ್ಟು ಪುಲ್ಲಿ ಮೇಲಿನ ಗುರುತನ್ನೇ ನಂಬಿ.

ಇಂಜೆಕ್ಟರ್ ಡೆಡ್ ಟೈಮ್ ಕೂಡ ಅಷ್ಟೇ ಮುಖ್ಯ. ಕರೆಂಟ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯೋದಿಲ್ಲ, 14 ವೋಲ್ಟ್‌ನಲ್ಲಿ ಅಂದಾಜು 1 ಮಿಲಿಸೆಕೆಂಡ್ ಹಿಡಿಯುತ್ತೆ, ವೋಲ್ಟೇಜ್ ಇಳಿದಷ್ಟೂ ಇನ್ನೂ ಜಾಸ್ತಿ. ಐಡಲ್‌ನಲ್ಲಿ ಒಟ್ಟು ಪಲ್ಸೇ 2-3 ಮಿಲಿಸೆಕೆಂಡ್. ಅದರಲ್ಲಿ ಮೂರನೇ ಒಂದು ಭಾಗ ಲೆಕ್ಕ ತಪ್ಪಿದರೆ ಏನಾಗಬಹುದು ಯೋಚಿಸಿ. ಹೆಡ್‌ಲೈಟ್ ಹಾಕಿದ ಕೂಡಲೇ ಐಡಲ್‌ನ ಮಿಕ್ಸ್ಚರ್ ಬದಲಾದರೆ ನಾನು ಮೊದಲು ಡೆಡ್ ಟೈಮ್ ಟೇಬಲ್ ತೆಗೆದು ನೋಡ್ತೀನಿ.

ವೈಡ್‌ಬ್ಯಾಂಡ್ ಸೆನ್ಸರ್ ಬಾಷ್ ಎಲ್‌ಎಸ್‌ಯು 4.9. ನೀರು ನಿಲ್ಲದ ಹಾಗೆ ಸ್ವಲ್ಪ ಮೇಲ್ಮುಖವಾಗಿ ಕೂರಿಸಬೇಕು. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್‌ನಲ್ಲಿ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಸೇರಿ ಲೀನ್ ತೋರಿಸುತ್ತೆ. ಮಿಸ್ಸಿಂಗ್ ಇದ್ದಾಗಲೂ ಅಷ್ಟೇ, ಸುಡದೆ ಉಳಿದ ಆಕ್ಸಿಜನ್ ನೋಡಿ ಲೀನ್ ಅನ್ನುತ್ತೆ, ನಿಜಕ್ಕೂ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿದ್ದರೂ ಸಹ. ನಮ್ಮ ಪಕ್ಕದ ಗ್ಯಾರೇಜಿನ ಕಾಕಾ ಜೀವನವಿಡೀ ಕಾರ್ಬೊರೇಟರ್ ಕೆಲಸ ಮಾಡಿದವರು. "ಮೀಟರ್ ನೋಡ್ಕೊಂಡ ಕುಂದ್ರಬ್ಯಾಡೋ ತಮ್ಮಾ, ಪ್ಲಗ್ ತಗದ ನೋಡು" ಅಂತ ಹೇಳ್ತಿದ್ದರು. ಇವತ್ತಿಗೂ ಮೀಟರ್ ಒಂದು ಹೇಳಿ ಎಂಜಿನ್ ಇನ್ನೊಂದು ಹೇಳಿದರೆ ನಾಲ್ಕೂ ಪ್ಲಗ್ ಬಿಚ್ತೀನಿ.

ಮೀಟರ್ ನಂಬರ್ ಬಗ್ಗೆ ಇನ್ನೊಂದು ಮಾತು. 14.7 ಅನ್ನೋದನ್ನು ಬಿಟ್ಟು ಲ್ಯಾಂಬ್ಡಾದಲ್ಲೇ ಯೋಚಿಸೋದು ಕಲಿಯಿರಿ. 14.7 ಅಂದರೆ ಎಥೆನಾಲ್ ಇಲ್ಲದ ಒಂದು ಪಾಲು ಪೆಟ್ರೋಲ್ ಪೂರ್ತಿ ಸುಡೋಕೆ ತೂಕದಲ್ಲಿ ಅಷ್ಟು ಪಾಲು ಗಾಳಿ ಬೇಕು ಅನ್ನೋ ಲೆಕ್ಕ. ಇ10ಗೆ (10 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್) ಅದು 14.1, ಈಗ ಬಂಕ್‌ನಲ್ಲಿ ಸಿಗೋ ಇ20ಗೆ 13.5ರ ಹತ್ತಿರ. ಅಂದರೆ ಇ10 ಇದ್ದಾಗ ಮಾಡಿದ ಟ್ಯೂನ್‌ಗೆ ಇ20 ಹಾಕಿದರೆ ಸುಮಾರು 4 ಪರ್ಸೆಂಟ್ ಲೀನ್. ಲ್ಯಾಂಬ್ಡಾ 1 ಅಂದರೆ ಇಂಧನ ಪೂರ್ತಿ ಸುಡೋಕೆ ಬೇಕಾದಷ್ಟೇ ಗಾಳಿ, ಯಾವ ಇಂಧನ ಇದ್ದರೂ 1. ಅದಕ್ಕಿಂತ ಕಡಿಮೆಯಾದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ನಾನು ಹಗುರ ಲೋಡ್‌ನಲ್ಲಿ 1, ಫುಲ್ ಥ್ರಾಟಲ್‌ನಲ್ಲಿ 0.87 ಇಡ್ತೀನಿ, ಟರ್ಬೊ ಇಲ್ಲದ ಈ ಎಂಜಿನ್‌ಗೆ. ಹಳೆ ಗಾಡಿಯಾದರೆ ರಬ್ಬರ್ ಫ್ಯುಯೆಲ್ ಪೈಪ್‌ಗಳನ್ನೂ ಬದಲಾಯಿಸಿ, ಎಥೆನಾಲ್‌ಗೆ ಅವು ತಾಳೋದಿಲ್ಲ.

ಇಷ್ಟೆಲ್ಲ ಆದಮೇಲೆ ಟೇಬಲ್. ಆಗ ಅದು ಎಷ್ಟು ಸುಲಭ ಅನ್ನಿಸುತ್ತೆ ಅಂದರೆ ನಿಜಕ್ಕೂ ಖುಷಿಯಾಗುತ್ತೆ. ತಾರಿಹಾಳದಲ್ಲಿ ಪರಿಚಯದವರ ಶೆಡ್ ಆವರಣದ ಉದ್ದ ದಾರಿಯಲ್ಲಿ, ರಜೆ ದಿನ, ಒಬ್ಬರು ಗಾಡಿ ಹಿಡಿದು ಇನ್ನೊಬ್ಬರು ಲ್ಯಾಪ್‌ಟಾಪ್ ಹಿಡಿದು, ಸೀಟಿನ ಪಕ್ಕ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಮಾಡಿದ್ವಿ. ಎರಡನೇ ಗೇರ್, ಒಂದೇ ಆರ್‌ಪಿಎಂನಲ್ಲಿ ಲೋಡ್ ಬದಲಾಯಿಸುತ್ತಾ ಹೋಗೋದು. ಟೇಬಲ್ ಬೆಟ್ಟದ ಇಳಿಜಾರಿನ ಹಾಗೆ ನಯವಾಗಿ ಬರಬೇಕು. ಮಧ್ಯದಲ್ಲಿ ಒಂದೇ ಒಂದು ಗುಂಡಿ ಬಂದರೆ ಆ ಗುಂಡಿ ಎಂಜಿನ್‌ದಲ್ಲ, ಅಳತೆಯದು ಅಂತ ಮೊದಲು ಅನುಮಾನ ಪಡಿ.

ವೈಡ್‌ಬ್ಯಾಂಡ್ ನೋಡಿ ಟೇಬಲನ್ನು ತಾನೇ ತಿದ್ದುವ ಆಟೋಟ್ಯೂನ್ ಬಗ್ಗೆ ತುಂಬ ಜನ ಕೇಳ್ತಾರೆ. ಒಳ್ಳೆಯ ಸಾಧನವೇ, ಆದರೆ ಅದು ಸೆನ್ಸರ್ ಹೇಳಿದ್ದನ್ನೇ ನಂಬುತ್ತೆ. ಏಪ್ರಿಲ್ ಮಧ್ಯಾಹ್ನ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ. ಮ್ಯಾನಿಫೋಲ್ಡ್‌ಗೆ ಅಂಟಿದ ಗಾಳಿ ಸೆನ್ಸರ್ ಬ್ಲಾಕಿನ ಬಿಸಿ ಹೀರಿ 65 ಅನ್ನುತ್ತೆ, ಒಳಗೆ ಬರೋ ಗಾಳಿ 40. ಇಸಿಯು ಆ 65ನ್ನು ನಂಬಿ ಪೆಟ್ರೋಲನ್ನು 7 ಪರ್ಸೆಂಟ್‌ನಷ್ಟು ಇಳಿಸುತ್ತೆ. ಆಗ ಆಟೋಟ್ಯೂನ್ ಆನ್ ಇದ್ದರೆ ಆ 7 ಪರ್ಸೆಂಟ್ ಹೋಗಿ ವಿಇ ಟೇಬಲ್‌ನಲ್ಲಿ ಕೂರುತ್ತೆ. ನಾನು ಸೆನ್ಸರನ್ನು ಫಿಲ್ಟರ್ ನಂತರದ ಪ್ಲಾಸ್ಟಿಕ್ ಪೈಪ್‌ಗೆ ಹಾಕಿಬಿಟ್ಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಘಾಟ್. ಕರಾವಳಿ ಕಡೆಯ ಒಂದು ಸ್ಪರ್ಧೆಗೆ ಅಂತ ಗಾಡಿಯನ್ನು ಲಾರಿ ಮೇಲೆ ಹಾಕಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾಕ್ಕೆ ಹೋದ್ವಿ. ಅಲ್ಲಿ ಕೀ ಆನ್ ಮಾಡಿದರೆ ಮ್ಯಾಪ್ 101. ಹುಬ್ಬಳ್ಳಿಯಲ್ಲಿ ಫುಲ್ ಥ್ರಾಟಲ್ ಕೊಟ್ಟರೂ ಎಂಜಿನ್ 94ರ ಮೇಲೆ ಹೋಗೋದೇ ಇಲ್ಲ, ಹಾಗಾಗಿ ಟೇಬಲ್‌ನ 100ರ ಸಾಲನ್ನು ಅದು ಒಮ್ಮೆಯೂ ಮುಟ್ಟಿರೋದಿಲ್ಲ. ಸಮುದ್ರದ ಪಕ್ಕ ಪೂರ್ತಿ ಕಾಲು ಒತ್ತಿದಾಗ, ಎಂಜಿನ್ ಮೇಲೆ ಅತಿ ಹೆಚ್ಚು ಭಾರ ಇರೋ ಹೊತ್ತಿನಲ್ಲಿ, ಅದು ಓಡೋದು ಸರಿಯಾಗಿ ಆ ಪರೀಕ್ಷೆ ಆಗದ ಸಾಲಿನಲ್ಲೇ. ಹೊರಡುವ ಮುಂಚೆ ಆ ಸಾಲನ್ನು ಕೆಳಗಿನ ಸಾಲುಗಳ ಇಳಿಜಾರು ನೋಡಿ ತುಂಬಿದ್ದೆ, 3 ಪರ್ಸೆಂಟ್ ರಿಚ್ ಮಾಡಿದ್ದೆ, ಟೈಮಿಂಗ್ 2 ಡಿಗ್ರಿ ಇಳಿಸಿದ್ದೆ. ಅಲ್ಲಿಯ ಲಾಗ್ ನೋಡಿ ಆಮೇಲೆ ಸ್ವಲ್ಪ ವಾಪಸ್ ತೆಗೆದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಟ್ಯೂನ್ ಮಾಡಿದ ಯಾವ ಗಾಡಿಗೂ ಇದು ಅನ್ವಯ.

ಟೈಮಿಂಗ್ ಟೇಬಲ್‌ಗೆ ಮಾತ್ರ ನಾನು ಧೈರ್ಯ ತೋರಿಸೋದಿಲ್ಲ. ಪೆಟ್ರೋಲ್ ಸರಿ ಇದೆಯಾ ಅಂತ ವೈಡ್‌ಬ್ಯಾಂಡ್ ಹೇಳುತ್ತೆ, ಟೈಮಿಂಗ್ ಸರಿ ಇದೆಯಾ ಅಂತ ಹೇಳೋಕೆ ಎಂಜಿನ್ ಶಕ್ತಿ ಅಳೆಯುವ ಡೈನೋ ಬೇಕು. ಡೈನೋ ಇಲ್ಲದೆ ಮಾಡುವಾಗ ತಾಮ್ರದ ಪೈಪಿನ ತುದಿ ಚಪ್ಪಟೆ ಮಾಡಿ ಬ್ಲಾಕ್‌ಗೆ ಬೋಲ್ಟ್ ಹಾಕಿ, ಅಲ್ಲಿಂದ ಟ್ಯೂಬ್ ಎಳೆದು ಕಿವಿಗೆ ಇಯರ್‌ಮಫ್ ಹಾಕಿಕೊಂಡು ನಾಕಿಂಗ್ (ಸಿಲಿಂಡರ್ ಒಳಗೆ ಮಿಶ್ರಣ ತಾನಾಗಿ ಸಿಡಿಯುವ ಸದ್ದು) ಕೇಳ್ತೀನಿ. ಒಂದೊಂದೇ ಡಿಗ್ರಿ ಏರಿಸಿ 3000ದಿಂದ 6000 ಆರ್‌ಪಿಎಂಗೆ ಹೋಗುವ ಟೈಮ್ ಲಾಗ್‌ನಲ್ಲಿ ನೋಡ್ತೀನಿ. ಟೈಮ್ ಕಡಿಮೆಯಾಗೋದು ನಿಂತ ಕೂಡಲೇ ಎರಡು ಡಿಗ್ರಿ ವಾಪಸ್.

ಕೊನೆಗೆ ಉಳಿಯೋದು ಕೋಲ್ಡ್ ಸ್ಟಾರ್ಟ್. ಇದರಲ್ಲಿ ಅವಸರ ನಡೆಯಲ್ಲ, ದಿನಕ್ಕೆ ಒಂದೇ ಅವಕಾಶ ಸಿಗುತ್ತೆ. ರಾತ್ರಿಯಿಡೀ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಲ್ಯಾಪ್‌ಟಾಪ್ ಹಚ್ಚಿ ಸ್ಟಾರ್ಟ್ ಮಾಡಬೇಕು. ಆ ಟೆಂಪರೇಚರ್‌ಗೆ ಎಷ್ಟು ಹೆಚ್ಚು ಪೆಟ್ರೋಲ್ ಅನ್ನೋ ನಂಬರ್ ಒಂದನ್ನೇ ಸ್ವಲ್ಪ ಬದಲಾಯಿಸಿ ಮರುದಿನದವರೆಗೆ ಬಿಡಬೇಕು. ಬೇಸಿಗೆಯಲ್ಲಿ ಎಷ್ಟು ಮಾಡಿದರೂ ಡಿಸೆಂಬರ್ ಬೆಳಿಗ್ಗೆಯ ನಂಬರ್‌ಗಳು ಸಿಗೋದಿಲ್ಲ, ಅವನ್ನು ಚಳಿಗಾಲದಲ್ಲೇ ತುಂಬಬೇಕು.