ಆಡೋದು ಬೇರೆ, ಆಡಿಸೋದು ಬೇರೆ: ನಿಮ್ಮೂರಿನ ಕ್ರೀಡಾ ಮುಂದಾಳು ಆಗುವುದು ಹೀಗೆ

ಭಾನುವಾರ ಬೆಳಿಗ್ಗೆ ಮಂಡ್ಯದ ಸುತ್ತಮುತ್ತ ಯಾವ ಊರಿನ ಶಾಲೆ ಮೈದಾನಕ್ಕೆ ಹೋದರೂ ಇದನ್ನು ನೋಡಬಹುದು. ಇಪ್ಪತ್ತು ಮಕ್ಕಳು, ಒಂದೇ ಬ್ಯಾಟು. ಬ್ಯಾಟು ಯಾರದೋ ಮೊದಲ ಬ್ಯಾಟಿಂಗ್ ಅವನದೇ. ಕಬ್ಬಿನ ಗದ್ದೆ ಬೇಲಿ ಹತ್ತಿರ ಒಬ್ಬ ಸಣ್ಣ ಹುಡುಗ ನಿಂತಿರುತ್ತಾನೆ. ಬಾಲು ಗದ್ದೆಯೊಳಕ್ಕೆ ಹೋದಾಗ ಮಾತ್ರ ಅವನ ಹೆಸರು ಕೂಗುತ್ತಾರೆ. ಶಾಲೆ ಜಗಲಿ ಮೇಲೆ ಮೂರ್ನಾಲ್ಕು ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಕೂರಿಸಿಕೊಂಡು ಆಟ ನೋಡುತ್ತಿರುತ್ತಾರೆ. ಅವರನ್ನು ಯಾರೂ ಕರೆಯುವುದಿಲ್ಲ.

ಬೇಲಿ ಹತ್ತಿರದ ಆ ಹುಡುಗ, ಜಗಲಿ ಮೇಲಿನ ಆ ಹುಡುಗಿಯರು, ಇವರನ್ನೆಲ್ಲ ಆಟದೊಳಕ್ಕೆ ತರುವವರೇ ಸಮುದಾಯ ಕ್ರೀಡಾ ಮುಂದಾಳು. ಚೆನ್ನಾಗಿ ಆಡುವವರನ್ನು ಇನ್ನೂ ಚೆನ್ನಾಗಿ ಆಡುವಂತೆ ಮಾಡಲು ಕೋಚ್ ಇದ್ದಾರೆ. ಉಳಿದವರ ಜವಾಬ್ದಾರಿ ಮುಂದಾಳಿನದು. ಇದಕ್ಕೆ ನೀವು ಪದಕ ಗೆದ್ದಿರಬೇಕು ಅಂತೇನಿಲ್ಲ. ಡಿಗ್ರಿ ಓದುತ್ತಿರುವವರು, ಫ್ಯಾಕ್ಟರಿ ಕೆಲಸದವರು, ಗೃಹಿಣಿಯರು, ರಿಟೈರ್ ಆದವರು, ಯಾರು ಬೇಕಾದರೂ ಬರಬಹುದು. ಆದರೆ ಕಲಿಯದೆ ಬರಬಾರದು.

ನಾನು ಕಲಿಯದೇ ಶುರು ಮಾಡಿದ್ದೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದ ಧೈರ್ಯದ ಮೇಲೆ ಮೈಸೂರಿನ ಒಂದು ಬಡಾವಣೆಯಲ್ಲಿ ಮಕ್ಕಳನ್ನು ಸೇರಿಸಿ ಆಡಿಸತೊಡಗಿದೆ. 'ಔಟ್ ಆದವರು ಆಚೆ ಕೂತ್ಕೊಳ್ಳಿ' ಅನ್ನುವ ಆಟಗಳೇ ಜಾಸ್ತಿ. ಮೂರನೇ ವಾರ ಒಬ್ಬ ಹುಡುಗಿ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. 'ಕೂತ್ಕೊಳ್ಳೋಕೆ ಅಲ್ಲಿಗ್ಯಾಕೆ ಬರ್ಬೇಕು ಅಂಕಲ್, ಮನೇಲೇ ಕೂತ್ಕೋತೀನಿ' ಅಂದಳು. ಅವಳ ಮಾತು ಸರಿಯಾಗಿತ್ತು. ಓಡಲು ಕಷ್ಟಪಡುವ ಮಗುವಿಗೇ ಓಟ ಜಾಸ್ತಿ ಬೇಕು. ಅದನ್ನೇ ನಾನು ಮೊದಲು ಕೂರಿಸುತ್ತಿದ್ದೆ.

ಮೊದಲ ಹೆಜ್ಜೆ: ಎರಡು ಭಾನುವಾರ ಸುಮ್ನೆ ನೋಡಿ

ವಿಷಲ್ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಮೈಸೂರಿನವರಾದರೆ ಓವಲ್ ಮೈದಾನಕ್ಕೋ ಮಹಾರಾಜ ಕಾಲೇಜು ಮೈದಾನಕ್ಕೋ ಹೋಗಿ. ಮಂಡ್ಯದವರಾದರೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗಿ. ನಿಮ್ಮೂರಿನ ಶಾಲೆ ಮೈದಾನವಾದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಆಡುವವರನ್ನು ಬಿಟ್ಟುಬಿಡಿ. ಎಲ್ಲರಿಗಿಂತ ಹಿಂದೆ ಇರುವ ಒಂದು ಮಗುವನ್ನು ಆರಿಸಿಕೊಂಡು ಅರ್ಧ ಗಂಟೆ ಅದನ್ನೇ ನೋಡಿ. ಬಾಲನ್ನು ಎಷ್ಟು ಸಲ ಮುಟ್ಟಿತು? ಎಷ್ಟು ನಿಮಿಷ ನಿಂತೇ ಇತ್ತು? ಯಾರಾದರೂ ಅದರ ಹೆಸರು ಹಿಡಿದು ಕರೆದರಾ? ಬರೆದುಕೊಳ್ಳಿ. ಮುಂದೆ ನೀವು ಆಡಿಸುವಾಗ ಇದೇ ಲೆಕ್ಕವನ್ನು ನಿಮ್ಮ ಮೇಲೂ ಹಾಕಿಕೊಳ್ಳಬೇಕು. ತಿಂಗಳಿಗೊಮ್ಮೆ ಗೆಳೆಯರೊಬ್ಬರ ಕೈಗೆ ನೋಟ್‌ಬುಕ್ ಕೊಟ್ಟು ಬದಿಯಲ್ಲಿ ಕೂರಿಸಿ.

ಎರಡನೆಯದು: ಒಂದು ಆಟವನ್ನಾದರೂ ಅಂಕಣದಿಂದ ಕಲಿಯಿರಿ

ಹತ್ತು ಆಟ ಅರ್ಧಂಬರ್ಧ ಗೊತ್ತಿರುವುದಕ್ಕಿಂತ ಒಂದು ಆಟ ಪೂರ್ತಿ ಗೊತ್ತಿದ್ದರೆ ಸಾಕು. ನಮ್ಮ ಕಡೆಗೆ ಖೋ-ಖೋ, ಕಬಡ್ಡಿ ಹೇಳಿ ಮಾಡಿಸಿದ ಆಟಗಳು. ಸಾಮಾನು ಬೇಕಿಲ್ಲ, ಖರ್ಚಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪುರುಷರ ತಂಡದಲ್ಲಿ ಮಂಡ್ಯ ಜಿಲ್ಲೆಯ ಗೌತಮ್ ಇದ್ದರು. ಹಳ್ಳಿ ಮೈದಾನದಲ್ಲಿ ಶುರುವಾದ ಆಟ ಎಲ್ಲಿಯವರೆಗೆ ಹೋಗಬಹುದು ಅಂತ ಮಕ್ಕಳಿಗೆ ತೋರಿಸಲು ಈ ಎರಡು ಹೆಸರು ಸಾಕು, ಅಲ್ವಾ?

ದೊಡ್ಡವರ ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ಕೊನೆಗೆ ಕಂಬ, ನಡುವಿನ ಪಟ್ಟಿಯಲ್ಲಿ ಎಂಟು ಚೌಕ. ಕಬಡ್ಡಿಗೆ ಗಂಡಸರದು 13ಕ್ಕೆ 10 ಮೀಟರ್, ಹೆಂಗಸರದು 12ಕ್ಕೆ 8. ಒಂದು ರೈಡಿಗೆ 30 ಸೆಕೆಂಡ್. ಇದನ್ನೆಲ್ಲ ಬಾಯಿಪಾಠ ಮಾಡುವುದು ಸುಲಭ. ನೆಲದ ಮೇಲೆ ಎಳೆಯಲು ಹೋದಾಗ ಮಾತ್ರ ಅಂಕಣ ಓರೆಯಾಗುತ್ತದೆ. ಅದಕ್ಕೆ ಗಾರೆ ಕೆಲಸದವರು ಬಳಸುವ ಒಂದು ಲೆಕ್ಕವಿದೆ. 12 ಮೀಟರಿನ ಹಗ್ಗ ತೆಗೆದುಕೊಳ್ಳಿ. 3 ಮೀಟರಿಗೊಂದು, ಅಲ್ಲಿಂದ 4 ಮೀಟರಿಗೊಂದು ಗಂಟು ಹಾಕಿ. ಎರಡು ತುದಿಯನ್ನೂ ಸೇರಿಸಿ ಒಬ್ಬರು ಹಿಡಿಯಲಿ. ಒಂದೊಂದು ಗಂಟನ್ನು ಒಬ್ಬೊಬ್ಬರು ಹಿಡಿದು ಮೂವರೂ ಬಿಗಿಯಾಗಿ ಎಳೆಯಲಿ. 3 ಮತ್ತು 4 ಮೀಟರಿನ ಬದಿಗಳು ಸೇರುವ ಕಡೆ ಸರಿಯಾದ ಮೂಲೆ ಸಿಗುತ್ತದೆ. ಮೂಲೆಗೆ ಗೂಟ ಹೊಡೆದು ಸುಣ್ಣದ ಗೆರೆ ಎಳೆಯಿರಿ. ಇದನ್ನು ಮಕ್ಕಳ ಕೈಲೇ ಮಾಡಿಸಿ. ಏಳನೇ ಕ್ಲಾಸಿನ ಹುಡುಗನೊಬ್ಬ ಹಗ್ಗ ಹಿಡಿದುಕೊಂಡೇ 'ಸಾರ್, ಇದು ಪೈಥಾಗೊರಸ್ ಅಲ್ವಾ?' ಅಂದಿದ್ದ. ಅವತ್ತಿನಿಂದ ಅಂಕಣ ಹಾಕುವ ಜವಾಬ್ದಾರಿ ಅವನದೇ.

ಚಿಕ್ಕ ಮಕ್ಕಳಿಗೆ ದೊಡ್ಡವರ ಅಳತೆ ಬೇಡ. ಅಂಕಣ ಚಿಕ್ಕದು ಮಾಡಿ, ಚೌಕ ಕಡಿಮೆ ಮಾಡಿ.

ಮೂರನೆಯದು: ಪ್ರಥಮ ಚಿಕಿತ್ಸೆ ಗೊತ್ತಿಲ್ಲದೆ ಮೈದಾನಕ್ಕೆ ಇಳಿಯಬೇಡಿ

ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಭಾರತೀಯ ರೆಡ್ ಕ್ರಾಸ್ ಸಂಸ್ಥೆ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತವೆ. ವಿಡಿಯೊ ನೋಡಿ ಕಲಿತರೆ ಸಾಲದು. ಹೃದಯ ನಿಂತವರಿಗೆ ಎದೆ ಒತ್ತುವುದನ್ನು (ಸಿಪಿಆರ್) ಗೊಂಬೆಯ ಮೇಲೆ ನಿಮ್ಮ ಕೈಯಾರೆ ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು ಎಷ್ಟು ಸುಸ್ತಿನ ಕೆಲಸ ಅಂತ ಆಗಲೇ ಗೊತ್ತಾಗುವುದು.

ನಮ್ಮ ಮೈದಾನದಲ್ಲಿ ಒಬ್ಬ ಹುಡುಗನ ಕಾಲು ಉಳುಕಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಆಡಲು ಬಂದಿದ್ದ ದೊಡ್ಡವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಎಣ್ಣೆ ಹಚ್ಚಿ ನೀವಿ, ಕಾಲು ಎಳೆದುಬಿಟ್ಟರು. ಎಕ್ಸ್‌ರೇ ತೆಗೆಸಿದಾಗ ಮೂಳೆ ಸೀಳಿತ್ತು. ಆ ಹುಡುಗ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉಳುಕಿದರೆ ನೀವಬೇಡಿ, ಎಳೆಯಬೇಡಿ. ಆಟ ನಿಲ್ಲಿಸಿ, ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಹದವಾಗಿ ಬ್ಯಾಂಡೇಜ್ ಸುತ್ತಿ, ಕಾಲನ್ನು ಎತ್ತರಕ್ಕೆ ಇಡಿ. ಕಾಲೂರಲು ಆಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಲೆಗೆ ಪೆಟ್ಟು ಬಿದ್ದ ಮಗು 'ಏನೂ ಆಗಿಲ್ಲ' ಅಂದರೂ ಅವತ್ತು ಮತ್ತೆ ಆಡಿಸಬೇಡಿ. ವಾಂತಿ, ತಲೆಸುತ್ತು, ಮಂಪರು ಕಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಪೆಟ್ಟು ಆಗದ ಹಾಗೆ ನೋಡಿಕೊಳ್ಳುವುದು ಇನ್ನೂ ದೊಡ್ಡ ಕೆಲಸ. ನಮ್ಮ ಮಕ್ಕಳಲ್ಲಿ ಬರಿಗಾಲಿನವರು ಜಾಸ್ತಿ. ಮೈದಾನದಲ್ಲಿ ನೆಗ್ಗಿಲು ಮುಳ್ಳು, ರಾತ್ರಿ ಯಾರೋ ಒಡೆದು ಹೋದ ಬಾಟಲಿ ಚೂರು ಇರುತ್ತವೆ. ಆಟಕ್ಕೆ ಮೊದಲು ದೊಡ್ಡ ಮಕ್ಕಳನ್ನು ಚಪ್ಪಲಿ ಹಾಕಿಸಿ ಒಂದು ಸಾಲಿನಲ್ಲಿ ನಿಲ್ಲಿಸಿ, ಈ ಕೊನೆಯಿಂದ ಆ ಕೊನೆಗೆ ನೆಲ ನೋಡುತ್ತಾ ನಡೆಸಿ. ಐದು ನಿಮಿಷದ ಕೆಲಸ. ಆಮೇಲೆ 'ಬೆಳಿಗ್ಗೆ ಏನ್ ತಿಂದ್ರಿ?' ಅಂತ ಎಲ್ಲರನ್ನೂ ಕೇಳಿ. ಖಾಲಿ ಹೊಟ್ಟೆಯಲ್ಲಿ ಬಂದವರು ಖಂಡಿತ ಇರುತ್ತಾರೆ. ಒಂದು ಡಜನ್ ಬಾಳೆಹಣ್ಣು, ಒಂದು ಕ್ಯಾನ್ ನೀರು ಇಟ್ಟುಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಒಂಬತ್ತು ಗಂಟೆಯೊಳಗೆ ಆಟ ಮುಗಿಸಿ.

ನಾಲ್ಕನೆಯದು: ಒಂದು ಗಂಟೆಯನ್ನು ಕಟ್ಟುವುದು

ಮುಂದಾಳಿನ ನಿಜವಾದ ವಿದ್ಯೆ ಇದು. ಒಂದು ಗಂಟೆಯಲ್ಲಿ ಹತ್ತು ನಿಮಿಷ ಮೈ ಬೆಚ್ಚಗಾಗಲು, ಹದಿನೈದು ನಿಮಿಷ ಒಂದೇ ಒಂದು ಕೌಶಲ ಕಲಿಸಲು, ಅರ್ಧ ಗಂಟೆ ಆಟ, ಕೊನೆಯ ಐದು ನಿಮಿಷ ಉಸಿರು ಇಳಿಸಲು. ಭಾಷಣಕ್ಕೆ ಜಾಗ ಇಲ್ಲ. ಹೇಳಬೇಕಾದ್ದನ್ನು ಅರ್ಧ ನಿಮಿಷದಲ್ಲಿ ಹೇಳಿ, ಮಾಡಿ ತೋರಿಸಿ, ಆಡಲು ಬಿಡಿ. ಹೇಳುವಾಗ ಸೂರ್ಯ ನಿಮ್ಮ ಮುಖಕ್ಕೆ ಇರಲಿ. ಮಕ್ಕಳ ಕಣ್ಣಿಗೆ ಬಿಸಿಲು ಹೊಡೆದರೆ ಅವರಿಗೆ ನೀವು ಕಾಣುವುದೇ ಇಲ್ಲ.

ಬೆಚ್ಚಗಾಗಲು ಸುಮ್ನೆ ಮೈದಾನ ಸುತ್ತಿಸಬೇಡಿ. ಕೆರೆ-ದಡ ಆಡಿಸಿ. ದೊಡ್ಡ ಸುತ್ತು ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ನೀವು ಕೂಗಿದ ಕಡೆಗೆ ಎಲ್ಲರೂ ಜಿಗಿಯಬೇಕು. ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ್ದು ಇದೇ, ತಪ್ಪಿದವರು ಔಟ್. ಅದನ್ನು ಸ್ವಲ್ಪ ಬದಲಾಯಿಸಿ. ಪಕ್ಕದಲ್ಲೇ ಇನ್ನೊಂದು ಸುತ್ತು ಬರೆದಿಡಿ. ತಪ್ಪಿದವರು ಓಡಿಹೋಗಿ ಆ ಸುತ್ತಿನಲ್ಲಿ ಆಟ ಮುಂದುವರಿಸಲಿ, ಅಲ್ಲಿ ತಪ್ಪಿದರೆ ಮತ್ತೆ ಈ ಸುತ್ತಿಗೆ ಬರಲಿ. ಎರಡೂ ಸುತ್ತಿಗೆ ನಿಮ್ಮದು ಒಂದೇ ಕೂಗು. ಹತ್ತು ನಿಮಿಷ ಒಬ್ಬರೂ ಕೂರುವುದಿಲ್ಲ. ಜಾಸ್ತಿ ತಪ್ಪಿದವರು ಜಾಸ್ತಿ ಓಡಿರುತ್ತಾರೆ, ಅಷ್ಟೇ. ಮೊದಲು ಹೇಳಿದ ಹುಡುಗಿ ಮತ್ತೆ ಬರತೊಡಗಿದ್ದು ಈ ಎರಡು ಸುತ್ತಿನ ಕೆರೆ-ದಡದಿಂದಲೇ.

ಯಾವ ಆಟವನ್ನಾದರೂ ಎಲ್ಲರಿಗೂ ಹೊಂದಿಸಲು ನಾಲ್ಕು ವಿಷಯ ಬದಲಾಯಿಸಿ ನೋಡಿ ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ: ಜಾಗ, ಕೆಲಸ, ಸಾಮಾನು, ಜನ. ವಾಲಿಬಾಲನ್ನೇ ತೆಗೆದುಕೊಳ್ಳಿ. ಗಂಡಸರ ನೆಟ್ಟಿನ ಎತ್ತರ 2.43 ಮೀಟರ್. ಹತ್ತು ವರ್ಷದ ಮಗುವಿಗೆ ಅದು ಗೋಡೆ. ಎರಡು ಮರದ ನಡುವೆ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ಹಗುರ ಪ್ಲಾಸ್ಟಿಕ್ ಬಾಲು ಕೊಡಿ, ಒಂದು ಸಲ ನೆಲಕ್ಕೆ ಪುಟಿಯಲು ಬಿಡಿ. ಆರು ಜನರ ಬದಲು ಮೂವರ ತಂಡ ಮಾಡಿ. ಆಗ ಪ್ರತಿ ಮಗುವಿಗೂ ಬಾಲು ಸಿಗುತ್ತದೆ. ಕಾಲಿನ ತೊಂದರೆ ಇರುವ ಮಗು ಇದ್ದರೆ ಎಲ್ಲರೂ ಕೂತೇ ಆಡಲಿ. ಸಿಟ್ಟಿಂಗ್ ವಾಲಿಬಾಲ್ ಪ್ಯಾರಾಲಿಂಪಿಕ್ಸ್‌ನಲ್ಲೇ ಇರುವ ಆಟ.

ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಲು ಬಿಡಬೇಡಿ. ಕೊನೆಗೆ ಉಳಿಯುವುದು ಯಾವಾಗಲೂ ಅದೇ ಮಗು. ಹುಟ್ಟಿದ ತಿಂಗಳ ಮೇಲೋ, ಸಾಲಿನಲ್ಲಿ ಒಂದು-ಎರಡು ಎಣಿಸಿಯೋ ಪಾಲು ಮಾಡಿ.

ಮಕ್ಕಳ ರಕ್ಷಣೆ

ಮನೆಯವರ ಒಪ್ಪಿಗೆ, ಫೋನ್ ನಂಬರು, ಆಸ್ತಮಾದಂಥ ಕಾಯಿಲೆ ಇದೆಯಾ, ಇವಿಷ್ಟು ಮೊದಲ ದಿನವೇ ರಿಜಿಸ್ಟರಿನಲ್ಲಿರಲಿ. ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಮುಟ್ಟಿ ಕಲಿಸಬೇಕಾದರೆ ಎಲ್ಲರೆದುರು, ಕೇಳಿ ಮುಟ್ಟಿ. ಸಾಧ್ಯವಾದಷ್ಟೂ ಒಬ್ಬ ಹೆಂಗಸು ಜೊತೆಗಿರಲಿ. ಹಾಗಿದ್ದರೆ ಹುಡುಗಿಯರ ಅಮ್ಮಂದಿರು ಧೈರ್ಯವಾಗಿ ಕಳಿಸುತ್ತಾರೆ. 'ಹೊಟ್ಟೆನೋವು, ಇವತ್ತು ಆಡಲ್ಲ' ಅಂತ ಹುಡುಗಿ ಹೇಳಿದರೆ ಯಾಕೆ ಅಂತ ಎಲ್ಲರೆದುರು ಕೇಳಬೇಡಿ. ಸ್ಕೋರ್ ಬರೆಯಲು ಕೊಡಿ.

18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸದಿರುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಕ್ಕಳಿಗೂ ಹೇಳಿಕೊಡಿ.

ಸರ್ಟಿಫಿಕೇಟ್ ಬೇಕು ಅನ್ನುವವರಿಗೆ

ಆರು ತಿಂಗಳು ಆಡಿಸಿದ ಮೇಲೆ ಇದೇ ನನ್ನ ದಾರಿ ಅನ್ನಿಸಿದರೆ ಮುಂದೆ ಓದಬಹುದು. 15ರಿಂದ 29 ವರ್ಷದವರು ಕೇಂದ್ರ ಸರ್ಕಾರದ ಮೇರಾ ಯುವ ಭಾರತ್ ವೇದಿಕೆಯಲ್ಲಿ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು. ಕಾಲೇಜಿನಲ್ಲಿದ್ದರೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ. ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಬೇಕು ಅಂದರೆ ಡಿಗ್ರಿ ಆದ ಮೇಲೆ ಎರಡು ವರ್ಷದ ಬಿ.ಪಿ.ಇಡಿ. ಮಾಡಬೇಕು. ಒಂದು ಆಟದ ಕೋಚ್ ಆಗಬೇಕು ಅನ್ನುವವರಿಗೆ 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮತ್ತು ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಕ್ರೀಡಾ ಸಂಘಗಳು ನಡೆಸುವ ರೆಫರಿ ಪರೀಕ್ಷೆ ಬರೆಯುವುದೂ ಒಳ್ಳೆಯದು. ನಿಯಮ ಗೊತ್ತಿದ್ದವರ ಮಾತಿಗೆ ಮೈದಾನದಲ್ಲಿ ಬೆಲೆ ಜಾಸ್ತಿ.

ಜಾಗದ ವಿಷಯ. ಶಾಲೆ ಮೈದಾನವಾದರೆ ಮುಖ್ಯ ಶಿಕ್ಷಕರಿಂದ, ಊರಿನ ಜಾಗವಾದರೆ ಗ್ರಾಮ ಪಂಚಾಯಿತಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಯುವಕ ಸಂಘವನ್ನೋ ಯುವತಿ ಮಂಡಳಿಯನ್ನೋ ನೋಂದಾಯಿಸಬಹುದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಬಾಗಿಲು ತಟ್ಟಲು ಆಗ ಸುಲಭ. ದಸರಾ ಕ್ರೀಡಾಕೂಟ ತಾಲ್ಲೂಕು ಮಟ್ಟದಿಂದ ಶುರುವಾಗುತ್ತದೆ. ಅಲ್ಲಿಂದ ಮೇಲೆ ಬಂದವರು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಆಡುತ್ತಾರೆ. ಒಂದು ವರ್ಷವಾದರೂ ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಆಡುವವರನ್ನು ಮಾತ್ರ ಅಲ್ಲ, ಬೇಲಿ ಹತ್ತಿರ ನಿಂತಿದ್ದವನನ್ನೂ.

ಮೂರು ತಿಂಗಳಾದ ಮೇಲೆ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಹತ್ತು ನಿಮಿಷದ ಕೆರೆ-ದಡ ನಡೆಸಲು ಬಿಡಿ. ನೀವು ಬದಿಯಲ್ಲಿ ನಿಂತು ನೋಡಿ. ಹಾಗೆ ನಡೆಸುವಾಗ ಒಬ್ಬರು ಊದಿದ ವಿಷಲನ್ನು ಇನ್ನೊಬ್ಬರು ಊದಬಾರದು. ಹಾಗಾಗಿ ವಿಷಲ್ ಕೊಳ್ಳುವಾಗ ಎರಡು ಮೂರು ಕೊಳ್ಳಿ.